ಉಳುಮೆ ಇಲ್ಲದ ಮರಗೆಣಸು: ಗಡ್ಡೆ ಕೈಕೊಟ್ಟಾಗ ದೋಷ ಹುಡುಕುವ ಬಗೆ

ಉಳದೆ ಬೆಳೆದ ಮರಗೆಣಸಿನ ಇಳುವರಿ ಕುಸಿದರೆ ಊರಿನಲ್ಲಿ ಸಿಗುವ ಉತ್ತರ ಒಂದೇ: "ಉಳಲಿಲ್ಲ, ಅದಕ್ಕೇ ಹೀಗಾಯಿತು." ಮುಂದಿನ ವರ್ಷ ಟ್ರ್ಯಾಕ್ಟರ್ ಬರುತ್ತದೆ. ವರ್ಷಗಟ್ಟಲೆ ಕಾಪಾಡಿಕೊಂಡು ಬಂದ ಸೊಪ್ಪು ತರಗಿನ ಹೊದಿಕೆ, ಎರೆಹುಳುವಿನ ಬಿಲ, ಬೇರಿಗೆ ಅಂಟಿಕೊಂಡು ಬದುಕುವ ಶಿಲೀಂಧ್ರದ ಎಳೆ, ಎಲ್ಲವೂ ಒಂದೇ ಬೆಳಿಗ್ಗೆ ತಲೆಕೆಳಗಾಗುತ್ತವೆ. ಆ ಉತ್ತರ ಕೆಲವು ಹೊಲಗಳಲ್ಲಿ ಸರಿಯೇ. ಆದರೆ ಬಹಳಷ್ಟು ಹೊಲಗಳಲ್ಲಿ ದೋಷ ಬೇರೆಲ್ಲೋ ಇರುತ್ತದೆ: ನಾಟಿಗೆಂದು ಕತ್ತರಿಸಿದ ಕಾಂಡದ ತುಂಡಿನಲ್ಲಿ, ಅಂದರೆ ಕಡ್ಡಿಯಲ್ಲಿ, ಮೇಲಿನ ನೆರಳಿನಲ್ಲಿ, ಪೊಟ್ಯಾಶ್ ಕೊರತೆಯಲ್ಲಿ, ನೀರು ಬಸಿಯದ ಮೂಲೆಯಲ್ಲಿ. ಅವುಗಳಲ್ಲಿ ಯಾವುದೂ ಉಳುಮೆಯಿಂದ ಸರಿಹೋಗುವುದಿಲ್ಲ. ನೇಗಿಲು ಕರೆಯುವ ಮೊದಲು ಗುದ್ದಲಿ ಹಿಡಿದು ಮಣ್ಣು ತೆಗೆದು ನೋಡಿ ಎಂಬುದೇ ಈ ಬರಹದ ಒತ್ತಾಯ.

ಮರಗೆಣಸಿನ ವಿಷಯದಲ್ಲಿ ಈ ಎಚ್ಚರಕ್ಕೆ ವಿಶೇಷ ಕಾರಣವಿದೆ. ಇದರ ಬೇರು ದಪ್ಪ, ಬೇರುರೋಮ ಕಡಿಮೆ. ಮಣ್ಣಿನಲ್ಲಿರುವ ರಂಜಕವನ್ನು ಹೀರಿಕೊಳ್ಳಲು ಇದು ಮೈಕೊರೈಜಾ ಎಂಬ ಶಿಲೀಂಧ್ರವನ್ನು ಬಹಳವಾಗಿ ನೆಚ್ಚಿಕೊಂಡಿರುವ ಬೆಳೆ. ಬಡ ಮಣ್ಣಿನಲ್ಲೂ ಇದು ನಿಲ್ಲುವುದರ ಗುಟ್ಟು ಅದೇ. ಪ್ರತಿ ಉಳುಮೆಯೂ ಆ ಎಳೆಗಳ ಬಲೆಯನ್ನು ಹರಿಯುತ್ತದೆ. ಇಳಿಜಾರಿನಲ್ಲಿ ಇನ್ನೊಂದು ನಷ್ಟವೂ ಇದೆ. ಮರಗೆಣಸಿನ ಎಲೆ ನೆಲ ಮುಚ್ಚಲು ಸುಮಾರು ಮೂರು ತಿಂಗಳು ಬೇಕು. ಮೇ ತಿಂಗಳಲ್ಲಿ ಉತ್ತು ನೆಟ್ಟ ಗುಡ್ಡದ ಮಣ್ಣು ಆ ಮೂರು ತಿಂಗಳಲ್ಲೇ ತೋಡಿಗೆ ಇಳಿದಿರುತ್ತದೆ.

ಕರಾವಳಿ ಮತ್ತು ಮಲೆನಾಡಿನ ಜಂಬಿಟ್ಟಿಗೆ ಮಣ್ಣು, ಮಳೆಯಾಶ್ರಿತ ಗುಡ್ಡ, ಬೇಸಾಯ ಬಿಟ್ಟ ಗದ್ದೆ, ಇವನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆಯುತ್ತಿದ್ದೇನೆ. ಸೇಲಂ, ಧರ್ಮಪುರಿ ಕಡೆ ಸಬ್ಬಕ್ಕಿ ಕಾರ್ಖಾನೆಗಾಗಿ ನೀರಾವರಿಯಲ್ಲಿ ಬೆಳೆಯುವವರಿಗೆ ನೀರಿನ ಲೆಕ್ಕ ಬೇರೆ. ಗಡ್ಡೆ ಮತ್ತು ಎಲೆಯನ್ನು ಓದುವ ಬಗೆ ಮಾತ್ರ ಎಲ್ಲ ಕಡೆಗೂ ಒಂದೇ.

ಮೊದಲು ಮಾಡಬೇಕಾದ ಪರೀಕ್ಷೆ

ಒಳ್ಳೆಯ ಮಳೆ ಬಿದ್ದು ಎರಡು ದಿನ ಕಳೆದ ಮೇಲೆ ಹೊಲಕ್ಕೆ ಹೋಗಿ. ತೀರಾ ಒಣಗಿದ ಜಂಬಿಟ್ಟಿಗೆ ಯಾವಾಗಲೂ ಕಲ್ಲಿನಂತೆಯೇ ಇರುತ್ತದೆ, ಆಗ ಮಾಡಿದ ಪರೀಕ್ಷೆಗೆ ಅರ್ಥವಿಲ್ಲ. ಬೆರಳಿಗಿಂತ ತೆಳ್ಳಗಿನ ಕಬ್ಬಿಣದ ಸರಳೊಂದನ್ನು ಎರಡೂ ಕೈಯಿಂದ ನೇರವಾಗಿ ಒತ್ತಿ. ಅದು ಎಲ್ಲಿ ತಡೆಯುತ್ತದೆಯೋ ಅಲ್ಲಿ ಬೆರಳಿಟ್ಟು ಹೊರತೆಗೆದು ಆಳವನ್ನು ಅಳೆಯಿರಿ. ಹೊಲದ ಹತ್ತು ಕಡೆ ಹೀಗೆ ಮಾಡಿ. ಅಲ್ಲೊಂದು ಇಲ್ಲೊಂದು ಕಡೆ ತಡೆದರೆ ಅದು ಕಲ್ಲು. ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ಆಳದಲ್ಲಿ ತಡೆದರೆ ಅದು ಗಟ್ಟಿ ಪದರ.

ಆಮೇಲೆ ಚೆನ್ನಾಗಿ ಬಂದ ಗಿಡವೊಂದರ ಪಕ್ಕ ಮತ್ತು ಸೊರಗಿದ ಗಿಡವೊಂದರ ಪಕ್ಕ ಮೊಳಕಾಲಿನಷ್ಟು ಆಳದ ಗುಂಡಿ ತೆಗೆಯಿರಿ. ಎರಡೂ ಬೇಕು, ಒಂದನ್ನೇ ನೋಡಿದರೆ ಹೋಲಿಸಲು ಏನೂ ಇರುವುದಿಲ್ಲ. ಗುಂಡಿಯ ಗೋಡೆಯನ್ನು ಚಾಕುವಿನ ತುದಿಯಿಂದ ಮೇಲಿನಿಂದ ಕೆಳಗೆ ಚುಚ್ಚುತ್ತಾ ಬನ್ನಿ, ಗಟ್ಟಿ ಎಲ್ಲಿ ಶುರುವಾಗುತ್ತದೆ ಎಂದು ಕೈಗೇ ತಿಳಿಯುತ್ತದೆ. ಕೊನೆಗೆ ಗುಂಡಿಗೆ ನೀರು ತುಂಬಿಸಿ, ಇಂಗಿದ ಮೇಲೆ ಮತ್ತೊಮ್ಮೆ ತುಂಬಿಸಿ ಬಿಡಿ. ಮರುದಿನವೂ ನೀರು ನಿಂತಿದ್ದರೆ ಬಸಿಗಾಲುವೆಯ ಕೆಲಸ ಬಾಕಿ ಇದೆ ಎಂದು ಬರೆದುಕೊಳ್ಳಿ.

ಕಡ್ಡಿ ಚಿಗುರಲೇ ಇಲ್ಲ

ನೆಟ್ಟ 7ರಿಂದ 10 ದಿನಗಳಲ್ಲಿ ಕಣ್ಣು ಒಡೆಯಬೇಕು. ಎರಡು ವಾರ ಕಳೆದರೂ ಅಲ್ಲಲ್ಲಿ ಖಾಲಿ ಇದ್ದರೆ ಸತ್ತ ಕಡ್ಡಿಯನ್ನು ಕಿತ್ತು ತುದಿ ನೋಡಿ.

ತುದಿ ಒಣಗಿ ಸುಕ್ಕಾಗಿದ್ದರೆ ಕಡ್ಡಿ ನೆಡುವ ಮೊದಲೇ ಬಳಲಿತ್ತು. ಉಳಿದಿರುವ ಕಡ್ಡಿಗಳನ್ನು ಚಾಕುವಿನಿಂದ ಗೀರಿ ನೋಡಿ: ಹಾಲು ಕೂಡಲೇ ಒಸರಿದರೆ ತಾಜಾ, ತಡವಾಗಿ ಬಂದರೆ ಅಥವಾ ಬಾರದಿದ್ದರೆ ಬೇಡ. ಕಡ್ಡಿಗೆ 8ರಿಂದ 10 ತಿಂಗಳು ಬೆಳೆದ ಗಿಡ ಬೇಕು. ತುದಿಯ ಎಳೆಯ ಭಾಗವನ್ನೂ ಬುಡದ ಅತಿ ಬಲಿತ ಭಾಗವನ್ನೂ ಬಿಟ್ಟು, ನಡುವಿನಿಂದ 15–20 ಸೆಂಟಿಮೀಟರಿನ ತುಂಡು ಕತ್ತರಿಸಬೇಕು. ಕಿತ್ತ ಕಾಂಡವನ್ನು ಇಡೀ ಬೇಸಿಗೆ ಮಲಗಿಸಿ ಬಿಸಿಲಿಗೆ ಬಿಟ್ಟಿದ್ದರೆ ಹೊಲವನ್ನು ದೂರಬೇಡಿ. ನೆರಳಿನಲ್ಲಿ, ಗಾಳಿಯಾಡುವಂತೆ, ನಿಲ್ಲಿಸಿ ಇಡಬೇಕಿತ್ತು.

ಕಡ್ಡಿಯೊಳಗೆ ಮಣ್ಣು ತುಂಬಿ ಟೊಳ್ಳಾಗಿದ್ದರೆ ಗೆದ್ದಲು. ಒಣ ತರಗೆಲೆ, ಸೋಗೆ ಹೊದಿಸಿದ ನೆಲದಲ್ಲಿ ಮಳೆ ತಡವಾದಾಗ ಇದು ಸಾಮಾನ್ಯ. ಕಡ್ಡಿಯ ಸುತ್ತ ಒಂದು ಗೇಣು ಜಾಗವನ್ನು ಬರಿದಾಗಿಡಿ. ಸಾಲಿನ ನಡುವಿನ ಹೊದಿಕೆಗೆ ಕೈ ಹಚ್ಚಬೇಡಿ, ಗೆದ್ದಲಿಗೆ ತಿನ್ನಲು ಅಲ್ಲಿ ಬೇಕಾದಷ್ಟಿದೆ.

ಉಳುಮೆ ಇಲ್ಲದ ಹೊಲಕ್ಕೇ ವಿಶೇಷವಾದ ಕಾರಣ ಮೂರನೆಯದು, ಜನ ಗಮನಿಸದೆ ಬಿಡುವುದೂ ಇದನ್ನೇ. ಹಸಿ ಜಿಗುಟು ಮಣ್ಣಿಗೆ ಹಾರೆಕೋಲು ಚುಚ್ಚಿ ತೂತು ಮಾಡಿ ಕಡ್ಡಿ ಇಳಿಸಿದಾಗ ತೂತಿನ ಗೋಡೆ ನುಣುಪಾಗಿ ಮೆತ್ತಿಕೊಳ್ಳುತ್ತದೆ, ಕಡ್ಡಿಯ ಬುಡದಲ್ಲಿ ಗಾಳಿ ಉಳಿಯುತ್ತದೆ. ಕಣ್ಣು ಒಡೆದರೂ ಬೇರಿಗೆ ಹಿಡಿಯಲು ಮಣ್ಣು ಸಿಗದೆ ಚಿಗುರು ಬಾಡುತ್ತದೆ. ಕಿತ್ತಾಗ ತೂತಿನ ಒಳಗೋಡೆ ಹೊಳೆಯುತ್ತಿದ್ದರೆ ದೋಷ ಇದೇ. ತೂತಿನ ಬದಲು ಗುದ್ದಲಿಯಿಂದ ಕೈಯಗಲ ಮಣ್ಣನ್ನು ಸಡಿಲಿಸಿ, ಕಡ್ಡಿಯನ್ನು 5 ಸೆಂಟಿಮೀಟರಿನಷ್ಟು ನೇರವಾಗಿ ಇಳಿಸಿ, ಕಾಲಿನಿಂದ ಮಣ್ಣು ಒತ್ತಿ. ಕಣ್ಣು ಮೇಲ್ಮುಖವಾಗಿದೆಯೇ ಎಂದು ಪ್ರತಿ ಕಡ್ಡಿಯನ್ನೂ ನೋಡಿ. ಕೂಲಿಯವರು ಅವಸರದಲ್ಲಿ ತಲೆಕೆಳಗಾಗಿ ನೆಟ್ಟ ಸಾಲು ತಡವಾಗಿ ಚಿಗುರಿ ಕೊನೆಯವರೆಗೂ ಹಿಂದೆಯೇ ಉಳಿಯುತ್ತದೆ. ಖಾಲಿ ಜಾಗಕ್ಕೆ ನೆಟ್ಟ 15–20 ದಿನಗಳೊಳಗೆ ಸುಮಾರು 40 ಸೆಂಟಿಮೀಟರಿನ ಉದ್ದ ಕಡ್ಡಿ ನೆಡಿ. ಅದಕ್ಕಿಂತ ತಡವಾದರೆ ನೆರೆಯ ಗಿಡ ಅದನ್ನು ಮೇಲೇಳಲು ಬಿಡುವುದಿಲ್ಲ.

ಎಲೆ ಬಣ್ಣಗೆಟ್ಟಿದೆ

ಯಾವ ಎಲೆ ಎಂದು ಮೊದಲು ನೋಡಬೇಕು. ಕೆಳಗಿನ ಹಳೆಯ ಎಲೆಯೋ, ತುದಿಯ ಎಳೆಯ ಎಲೆಯೋ? ಅರ್ಧ ಉತ್ತರ ಅಲ್ಲೇ ಇದೆ.

ಇಡೀ ಗಿಡ ಒಂದೇ ಸಮನೆ ತಿಳಿಹಸಿರಾಗಿ, ಕೆಳಗಿನ ಎಲೆ ಮೊದಲು ಹಳದಿಯಾಗಿದ್ದರೆ ಸಾರಜನಕ ಸಾಲದು. ಭತ್ತದ ಹುಲ್ಲನ್ನೋ ಒಣ ತರಗನ್ನೋ ಗುಂಡಿಯ ಮಣ್ಣಿಗೆ ಬೆರೆಸಿದ್ದೀರಾ ಎಂದು ನೆನಪಿಸಿಕೊಳ್ಳಿ. ಅದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನು ಗಿಡಕ್ಕಿಂತ ಮೊದಲು ಎತ್ತಿಕೊಳ್ಳುತ್ತವೆ. ಅದೇ ಹುಲ್ಲು ಮೇಲ್ಮೈಯಲ್ಲಿ ಹಾಸಿದ್ದರೆ ಈ ತೊಂದರೆ ಬಹಳ ಕಡಿಮೆ. ಹೊದಿಕೆ ಮೇಲೆ ಇರಲಿ, ಗುಂಡಿಗೆ ಹೋಗುವುದು ಚೆನ್ನಾಗಿ ಕಳಿತ ಗೊಬ್ಬರ ಮಾತ್ರ ಇರಲಿ. ಈಗಾಗಲೇ ಹಳದಿಯಾಗಿದ್ದರೆ ಗ್ಲಿರಿಸಿಡಿಯಾದ ಹಸಿ ಸೊಪ್ಪು ಬುಡದ ಸುತ್ತ ಹರಡಿ, ಅಥವಾ ಸಾಲಿನ ನಡುವೆ ಅಲಸಂದೆ ಇದ್ದರೆ ಹೂ ಬರುವಾಗ ಕೊಯ್ದು ಅಲ್ಲೇ ಮಲಗಿಸಿ. ಯೂರಿಯಾ ಹಾಕುವವರು ಹೊದಿಕೆಯ ಮೇಲೆ ಎರಚಬೇಡಿ. ಅದರಲ್ಲಿ ಒಳ್ಳೆಯ ಪಾಲು ಗಾಳಿಗೆ ಹೋಗುತ್ತದೆ. ಹೊದಿಕೆ ಸರಿಸಿ, ಬುಡದಿಂದ ಒಂದು ಗೇಣು ದೂರ ಮಣ್ಣಿಗೆ ಹಾಕಿ ಮುಚ್ಚಿ.

ಹಳೆಯ ಎಲೆಯ ಅಂಚು ಹಳದಿಯಾಗಿ, ಮತ್ತೆ ಕಂದಾಗಿ ಸುಟ್ಟಂತಾದರೆ ಪೊಟ್ಯಾಶ್. ಹಳೆಯ ಎಲೆಯ ನರ ಹಸಿರಾಗಿದ್ದು ನಡುವೆ ಮಾತ್ರ ಹಳದಿಯಾದರೆ ಮೆಗ್ನೀಸಿಯಂ. ಎಳೆಯ ಎಲೆ ಕಿರಿದಾಗಿ, ನರಗಳ ನಡುವೆ ಬಿಳಿಚಿದ ಪಟ್ಟೆ ಬಂದರೆ ಸತು.

ಹಳದಿ ಮಚ್ಚೆಯ ಜೊತೆ ಎಲೆ ಸೊಟ್ಟಗಾಗಿ, ಒಂದು ಬದಿ ಕುಗ್ಗಿ ಮುದುಡಿದ್ದರೆ ಅದು ಆಹಾರದ ಕೊರತೆಯಲ್ಲ, ಮೊಸಾಯಿಕ್ ನಂಜುರೋಗ. ಇಲ್ಲಿ ಒಂದು ಸೂಕ್ಷ್ಮ ನೋಡಿ. ಕಡ್ಡಿಯಿಂದ ಬಂದ ಮೊಟ್ಟಮೊದಲ ಎಲೆಗಳಲ್ಲೇ ಮಚ್ಚೆ ಇದ್ದರೆ ರೋಗ ನಿಮ್ಮ ಹೊಲಕ್ಕೆ ಕಡ್ಡಿಯ ಜೊತೆಗೇ ಬಂದಿದೆ. ಕೆಳಗಿನ ಎಲೆಗಳು ಶುದ್ಧವಾಗಿದ್ದು ಮೇಲಿನವು ಮಾತ್ರ ಕೆಟ್ಟಿದ್ದರೆ ಬಿಳಿನೊಣ ಆಮೇಲೆ ತಂದದ್ದು. ಮೊದಲನೆಯದಾದರೆ ಅಂಥ ಗಿಡವನ್ನು ಎಳವೆಯಲ್ಲೇ ಕಿತ್ತುಹಾಕಿ. ಎರಡನೆಯದಾದರೆ ಗಿಡ ಇರಲಿ, ಆದರೆ ಅದರ ಕಡ್ಡಿಯನ್ನು ಮುಂದಿನ ವರ್ಷಕ್ಕೆ ಎತ್ತಿಡಬೇಡಿ. ತಿರುವನಂತಪುರದ ಶ್ರೀಕಾರ್ಯಂನಲ್ಲಿ 1963ರಲ್ಲಿ ಆರಂಭವಾದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆ ಈ ರೋಗವನ್ನು ತಡೆಯುವ ಶ್ರೀ ಪದ್ಮನಾಭ, ಶ್ರೀ ರಕ್ಷಾ ತಳಿಗಳನ್ನು ಕೊಟ್ಟಿದೆ. ರೋಗವಿರುವ ಊರಿನಲ್ಲಿ ನೆರೆಯವರಿಂದ ಕಡ್ಡಿ ಕೇಳಿ ತರುವುದಕ್ಕಿಂತ ಆ ದಾರಿ ಹಿಡಿಯುವುದು ಲೇಸು.

ತುದಿಯ ಎಲೆಗಳೆಲ್ಲ ಒಂದೇ ಕಡೆ ಗುಂಪುಗೂಡಿ ಗಂಟಾಗಿ, ಗೆಣ್ಣುಗಳ ಅಂತರ ಕುಗ್ಗಿದ್ದರೆ ಎಲೆಯ ಅಡಿ ತಿರುವಿ ನೋಡಿ. ಬಿಳಿ ಪುಡಿ ಬಳಿದಂತಿದ್ದರೆ ಹಿಟ್ಟುತಿಗಣೆ. ಮರಗೆಣಸಿನ ಹಿಟ್ಟುತಿಗಣೆ ಭಾರತದಲ್ಲಿ ಮೊದಲು ಕಾಣಿಸಿಕೊಂಡದ್ದು 2020ರಲ್ಲಿ, ಕೇರಳದಲ್ಲಿ. ಆಮೇಲೆ ತಮಿಳುನಾಡಿನ ಹೊಲಗಳನ್ನು ತಿಂದುಹಾಕಿತು. ಅದನ್ನು ಹಿಡಿಯಲು ಅನಾಗೈರಸ್ ಲೋಪೆಜಿ ಎಂಬ ಪುಟ್ಟ ಪರಾವಲಂಬಿ ಕಣಜವನ್ನು ಆಫ್ರಿಕಾದ ಬೆನಿನ್‌ನಿಂದ ತರಿಸಿ, ಬೆಳೆಸಿ, 2022ರಲ್ಲಿ ಸೇಲಂ ಜಿಲ್ಲೆಯಲ್ಲಿ ಬಿಡುಗಡೆ ಮಾಡಿದ್ದು ನಮ್ಮ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆ. ಈ ಕೆಲಸದ ಬಗ್ಗೆ ನನಗೆ ತುಂಬ ಅಭಿಮಾನವಿದೆ. ಘಾಟು ಕೀಟನಾಶಕ ಹೊಡೆದರೆ ಮೊದಲು ಸಾಯುವುದು ಆ ಕಣಜವೇ ಎಂಬುದನ್ನು ಮರೆಯಬೇಡಿ.

ಗಿಡ ಸೊಂಪಾಗಿದೆ, ಗಡ್ಡೆ ಇಲ್ಲ

ಉಳುಮೆಯ ವಾದ ಹುಟ್ಟುವುದೇ ಇಲ್ಲಿ. ಆಳೆತ್ತರದ ಗಿಡ, ಕಿತ್ತರೆ ಬೆರಳು ಗಾತ್ರದ ಬೇರು. ಕಾರಣವನ್ನು ಬೇರಿನ ಆಕಾರ ಹೇಳುತ್ತದೆ, ಗಾತ್ರ ಹೇಳುವುದಿಲ್ಲ.

ಗಿಡವನ್ನು ಎಳೆದು ಕೀಳಬೇಡಿ, ಎಳೆದರೆ ಸಾಕ್ಷ್ಯ ಮುರಿದು ಮಣ್ಣಿನಲ್ಲೇ ಉಳಿಯುತ್ತದೆ. ಬುಡದಿಂದ ಒಂದು ಮೊಳ ದೂರದಲ್ಲಿ ಸುತ್ತ ಅಗೆದು, ಒಳಮುಖವಾಗಿ ಮಣ್ಣನ್ನು ಕೈಯಿಂದ ಬಿಡಿಸಿಕೊಂಡು ಬನ್ನಿ.

ಬೇಸಾಯ ಬಿಟ್ಟು ಹತ್ತಾರು ವರ್ಷವಾದ ಗದ್ದೆಯೊಂದರಲ್ಲಿ ಹೀಗೆ ಬಿಡಿಸಿದ ಗಿಡ ನನ್ನ ಕಣ್ಣಿಗೆ ಕಟ್ಟಿದಂತಿದೆ. ಬೇರುಗಳು ಬುಡದಿಂದ ಹೊರಟು ಓರೆಯಾಗಿ ಒಂದು ಗೇಣು ಇಳಿದು, ಅಲ್ಲಿಂದ ಮಡಿಸಿದ ಮೊಣಕೈಯಂತೆ ತಟಕ್ಕನೆ ಅಡ್ಡ ತಿರುಗಿದ್ದವು. ತಿರುಗಿದ ಜಾಗದಲ್ಲಿ ಚಪ್ಪಟೆ, ಆಚೆಗೆ ಎರಡಾಗಿ ಸೀಳು. ಒಂದೆರಡು ಗಡ್ಡೆಗಳ ಹೆಗಲು ನೆಲದಿಂದ ಮೇಲೆದ್ದು ಹಸಿರಾಗಿತ್ತು. ಅದರ ಕೆಳಗೆ ಬೂದು ಬಣ್ಣದ, ನಡುವೆ ತುಕ್ಕಿನ ಗೆರೆಗಳಿದ್ದ ಪದರ, ಚಾಕು ಇಳಿಯಲಿಲ್ಲ. ಭತ್ತಕ್ಕಾಗಿ ತಲೆಮಾರುಗಳ ಕಾಲ ಕೆಸರು ಮಾಡಿ ತುಳಿದು, ನೀರು ಇಂಗದಂತೆ ಬೇಕೆಂದೇ ಕಟ್ಟಿದ ತಳ ಅದು. ಭತ್ತಕ್ಕೆ ವರವಾದದ್ದು ಮರಗೆಣಸಿಗೆ ಶಾಪ. ಉಳುಮೆ ನಿಲ್ಲಿಸಿದ ಮಾತ್ರಕ್ಕೆ ಅದು ತಾನಾಗಿ ಕರಗುವುದೂ ಇಲ್ಲ.

ಬೇರು ಮಡಿಸಿದ್ದರೆ, ಸೀಳಿದ್ದರೆ, ಮೊಂಡಾಗಿದ್ದರೆ, ಸರಳು ತಡೆದ ಆಳವೂ ಬೇರು ತಿರುಗಿದ ಆಳವೂ ಒಂದೇ ಆಗಿದ್ದರೆ, ಉತ್ತರ ಗಟ್ಟಿ ಮಣ್ಣು. ಇಲ್ಲಿ ಉಳುಮೆಯ ಪರ ಮಾತನಾಡುವವರು ಹೇಳುವುದರಲ್ಲಿ ಹುರುಳಿದೆ, ಒಪ್ಪಿಕೊಳ್ಳಬೇಕು. ಸಡಿಲವಾದ, ಪುಡಿಪುಡಿಯಾದ ಮಣ್ಣಿನಲ್ಲಿ ಉಳದ ಮರಗೆಣಸು ಉತ್ತದ್ದಕ್ಕೆ ಸಮನಾಗಿ ನಿಲ್ಲುತ್ತದೆ. ಬಿಗಿದ ಮಣ್ಣಿನಲ್ಲಿ ನಿಲ್ಲುವುದಿಲ್ಲ. ಆದರೂ ಇಡೀ ಹೊಲ ಉಳಬೇಕಿಲ್ಲ. 90 ಸೆಂಟಿಮೀಟರ್ ಅಂತರದ ಸಾಲಿನಲ್ಲಿ ಪ್ರತಿ ಗಿಡಕ್ಕೆ 30 ಸೆಂಟಿಮೀಟರ್ ಉದ್ದಗಲ ಆಳದ ಗುಂಡಿ ತೆಗೆದು, ಗಟ್ಟಿ ಪದರವನ್ನು ಅಲ್ಲಿ ಮಾತ್ರ ಒಡೆದು, ಕಳಿತ ಗೊಬ್ಬರ ಬೆರೆಸಿ ಮತ್ತೆ ತುಂಬಿದರೆ ಕದಡಿದ್ದು ನೆಲದ ಒಂಬತ್ತನೇ ಒಂದು ಭಾಗ. ಉಳಿದ ಎಂಟು ಭಾಗ ಹೊದಿಕೆಯ ಕೆಳಗೆ ಹಾಗೇ ಇರುತ್ತದೆ. ಜಾಂಬಿಯಾದ ರೈತರು ಮೆಕ್ಕೆಜೋಳಕ್ಕೆ ಒಣಗಾಲದಲ್ಲೇ ಇಂಥ ಗುಂಡಿಗಳನ್ನು ತೆಗೆದು ವರ್ಷವರ್ಷವೂ ಅದೇ ಗುಂಡಿಯಲ್ಲಿ ಬಿತ್ತುತ್ತಾರೆ. ತತ್ವ ಅದೇ.

ಹಳೆಯ ಗದ್ದೆಗೆ ಗುಂಡಿ ಬೇಡ. ಗಟ್ಟಿ ತಳದಲ್ಲಿ ತೆಗೆದ ಗುಂಡಿ ಮಳೆಗಾಲದಲ್ಲಿ ಬಾವಿಯಾಗುತ್ತದೆ. ಅಲ್ಲಿ ಮೇಲಕ್ಕೆ ಹೋಗಬೇಕು. ಒಂದು ಸಲ, ಒಂದೇ ಸಲ, ಮಣ್ಣು ಎಳೆದು ಮೊಳಕಾಲಿಗಿಂತ ಸ್ವಲ್ಪ ಕಡಿಮೆ ಎತ್ತರದ ಏರು ಕಟ್ಟಿ, ನಡುವೆ ನೀರು ಹೊರಹೋಗುವ ಕಾಲುವೆ ಬಿಡಿ. ಆಮೇಲೆ ಆ ಏರನ್ನು ಕೆಡವದೆ ಪ್ರತಿವರ್ಷ ಸೊಪ್ಪು, ತರಗು ಏರಿಸುತ್ತಾ ಬನ್ನಿ. ಒಂದು ವರ್ಷ ಕಾಯುವ ತಾಳ್ಮೆ ಇದ್ದರೆ ಆ ನಡುವೆ ಏರಿನ ಮೇಲೆ ತೊಗರಿ ಹಾಕಿ. ಅದರ ತಾಯಿಬೇರು ಮಾಡಿದ ದಾರಿಯಲ್ಲಿ ಮುಂದಿನ ಬೇರುಗಳು ಇಳಿಯುತ್ತವೆ.

ಈಗ ಇನ್ನೊಂದು ಚಿತ್ರ. ಬೇರುಗಳು ನೇರವಾಗಿ, ಉದ್ದವಾಗಿ, ಸಲೀಸಾಗಿ ಹೋಗಿವೆ, ಆದರೆ ದಪ್ಪಗಾಗಿಲ್ಲ. ಮಣ್ಣು ನಿರ್ದೋಷಿ. ತಲೆ ಎತ್ತಿ ನೋಡಿ. ಅಡಿಕೆ, ತೆಂಗಿನ ನೆರಳಿದೆಯೇ? ಮರಗೆಣಸು ಬಿಸಿಲಿನ ಬೆಳೆ. ನೆರಳಿನಲ್ಲಿ ಗೆಣ್ಣು ಉದ್ದವಾಗಿ ಗಿಡ ಎತ್ತರಕ್ಕೆ ಹೋಗುತ್ತದೆ, ಗಡ್ಡೆಗೆ ಕಳಿಸಲು ಏನೂ ಉಳಿಯುವುದಿಲ್ಲ. ನೆರಳಿಲ್ಲದಿದ್ದರೆ ಬುಡದಲ್ಲಿ ಎಷ್ಟು ಚಿಗುರು ಬಿಟ್ಟಿದ್ದೀರಿ ಎಣಿಸಿ. ಒಂದು ತಿಂಗಳಾದಾಗ ಎದುರುಬದುರಿನ ಎರಡು ಚಿಗುರು ಉಳಿಸಿ ಮಿಕ್ಕವನ್ನು ಮುರಿಯಬೇಕಿತ್ತು. ಅದೂ ಸರಿಯಿದ್ದರೆ ಗೊಬ್ಬರ ಕೇಳಿ. ಸಗಣಿ ಗೊಬ್ಬರ, ಕೋಳಿ ಗೊಬ್ಬರ ಧಾರಾಳವಾಗಿ ಹಾಕಿ ಪೊಟ್ಯಾಶ್ ಮರೆತ ಹೊಲದಲ್ಲಿ ಸೊಪ್ಪು ಮೆರೆಯುತ್ತದೆ. ಹೆಚ್ಚು ಇಳುವರಿ ಕೊಡುವ ತಳಿಗಳಿಗೆ ಶಿಫಾರಸಾಗಿರುವುದು ಹೆಕ್ಟೇರಿಗೆ 12.5 ಟನ್ ಕೊಟ್ಟಿಗೆ ಗೊಬ್ಬರದ ಜೊತೆ ಸಾರಜನಕ 100, ರಂಜಕ 50, ಪೊಟ್ಯಾಶ್ 100 ಕಿಲೋ. ಸಾರಜನಕದಷ್ಟೇ ಪೊಟ್ಯಾಶ್ ಇರುವುದನ್ನು ಗಮನಿಸಿ. ಗಡ್ಡೆಯ ಜೊತೆ ಹೊಲ ಬಿಟ್ಟು ಹೋಗುವ ಪೋಷಕಗಳಲ್ಲಿ ಮುಖ್ಯವಾದದ್ದು ಇದೇ. ಒಂದೇ ಜಾಗದಲ್ಲಿ ವರ್ಷವರ್ಷ ಮರಗೆಣಸು ಬೆಳೆದರೆ ಮೊದಲು ಬರಿದಾಗುವುದೂ ಇದೇ. ಒಲೆಯ ಬೂದಿಯನ್ನು ಬಚ್ಚಲ ಹಿಂದೆ ಸುರಿಯುವ ಬದಲು ಈ ಸಾಲಿಗೆ ತನ್ನಿ.

ಇದರಲ್ಲಿ ಯಾವುದೆಂದು ತಿಳಿಯದೆ ಹೋದರೆ ಹೊಲದಲ್ಲೇ ಇರುವ ಹೋಲಿಕೆಯನ್ನು ಬಳಸಿ. ಹಿಂದೆ ತೆಂಗಿನ ಗುಂಡಿ ತೆಗೆದು ಮುಚ್ಚಿದ ಜಾಗವೋ, ಮಣ್ಣು ರಾಶಿ ಬಿದ್ದಿದ್ದ ಜಾಗವೋ ಇದ್ದೇ ಇರುತ್ತದೆ. ಅಲ್ಲಿನ ಗಿಡದ ಗಡ್ಡೆ ಮಾತ್ರ ದಪ್ಪವಾಗಿದ್ದರೆ ಬಿಗಿತವೇ ಕಾರಣ. ಅಲ್ಲೂ ಸಣಕಲಾಗಿದ್ದರೆ ನೆರಳು, ಗೊಬ್ಬರ, ಕಡ್ಡಿಯ ಕಡೆ ಹೋಗಿ. ಬದುವಿನ ಗಿಡವನ್ನು ಹೋಲಿಕೆಗೆ ತೆಗೆದುಕೊಳ್ಳಬೇಡಿ, ಅದಕ್ಕೆ ಬಿಸಿಲೂ ಹೆಚ್ಚು.

ಐದನೇ ತಿಂಗಳಲ್ಲಿ ಇದೆಲ್ಲ ಗೊತ್ತಾಗಿ ಬುಡ ಅಗೆದು ಸಡಿಲಿಸಲು ಹೊರಡಬೇಡಿ. ಯಾವ ಬೇರು ಗಡ್ಡೆಯಾಗಬೇಕೆಂಬುದು ಮೊದಲ ಎರಡು ಮೂರು ತಿಂಗಳಲ್ಲೇ ಹೆಚ್ಚುಕಡಿಮೆ ನಿರ್ಧಾರವಾಗಿರುತ್ತದೆ. ಆಮೇಲೆ ಅಗೆದರೆ ಇರುವ ಬೇರೂ ಹರಿಯುತ್ತದೆ. ಆ ವರ್ಷ ಮೇಲಿನಿಂದ ಸೊಪ್ಪು ಮತ್ತು ಪೊಟ್ಯಾಶ್ ಕೊಟ್ಟು ಸುಮ್ಮನಿರಿ. ಕಳೆಯ ಮಾತೂ ಹಾಗೆಯೇ: ಮೊದಲ ಮೂರು ತಿಂಗಳ ಕಳೆ ಗಡ್ಡೆಯನ್ನು ತಿನ್ನುತ್ತದೆ, ಆಮೇಲಿನದು ಅಷ್ಟಾಗಿ ಅಲ್ಲ. ಹೊದಿಕೆ ತೆಳುವಾದ ಕಡೆ ಕಳೆಯನ್ನು ಕೀಳದೆ ಬುಡಮಟ್ಟ ಕೊಯ್ದು ಅಲ್ಲೇ ಹಾಸಿ.

ಗಡ್ಡೆ ಕೊಳೆತಿದೆ

ಸಿಪ್ಪೆ ಮೇಲಿನಿಂದ ಸರಿಯಾಗಿ ಕಂಡರೂ ಹಿಸುಕಿದರೆ ನೀರು ಒಸರಿ ಕೆಟ್ಟ ವಾಸನೆ ಬಂದರೆ ಫೈಟಾಫ್ತೊರಾ ಕೊಳೆ. ಅಡಿಕೆಯ ಕೊಳೆರೋಗದ ಹತ್ತಿರದ ಬಳಗದ್ದೇ. ನೀರು ನಿಲ್ಲದೆ ಇದು ಹಬ್ಬುವುದಿಲ್ಲ, ಆದ್ದರಿಂದ ಮೊದಲ ಮದ್ದು ಬಸಿಗಾಲುವೆ. ಎರಡನೆಯದು ಹೊದಿಕೆಯನ್ನು ಜೂನ್ ಮೊದಲೇ ಬುಡದಿಂದ ಸರಿಸುವುದು. ಕರಾವಳಿಯ ಮಳೆಯಲ್ಲಿ ಕಾಂಡಕ್ಕೆ ಒತ್ತಿ ಹಾಕಿದ ದಪ್ಪ ಹೊದಿಕೆ ತಿಂಗಳುಗಟ್ಟಲೆ ಒಣಗುವುದೇ ಇಲ್ಲ. ಕೊಳೆತ ಗಡ್ಡೆಯನ್ನು ಹೊಲದಲ್ಲಿ ಬಿಡದೆ ಹೊರಗೆ ಸಾಗಿಸಿ. ಮುಂದಿನ ನಾಟಿಗೆ ಗುಂಡಿಯಲ್ಲಿ ಬೇವಿನ ಹಿಂಡಿಯ ಜೊತೆ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರವನ್ನು ಬೆರೆಸಿ. ಅಷ್ಟು ಮಾಡಿಯೂ ನೀರು ನಿಲ್ಲುವ ಜಾಗವಾದರೆ ಮೇ ತಿಂಗಳ ನಾಟಿ ಬಿಟ್ಟು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ನೆಡಿ.

ಗಡ್ಡೆಯಲ್ಲಿ ಹಲ್ಲಿನ ಗುರುತಿದ್ದರೆ ಇಲಿ, ಹೆಗ್ಗಣ. ದಪ್ಪ ಹೊದಿಕೆ ಅವಕ್ಕೂ ಮನೆ. ಬಿಲ ಕಂಡ ಸಾಲಿನ ಹೊದಿಕೆಯನ್ನು ಕೊಯ್ಲಿಗೆ ಎರಡು ತಿಂಗಳ ಮುಂಚೆ ತೆಳುಮಾಡಿ.

ಗಡ್ಡೆ ಕಹಿ

ಪ್ರತಿವರ್ಷ ಸಿಹಿಯಾಗಿದ್ದ ತಳಿ ಒಂದು ವರ್ಷ ಕಹಿಯಾದರೆ ಬರ ಇಲ್ಲವೇ ಪೊಟ್ಯಾಶ್ ಕೊರತೆ. ಗಿಡ ಬಳಲಿದಾಗ ಸಯನೈಡ್ ಬಿಡುವ ಅಂಶ ಗಡ್ಡೆಯಲ್ಲಿ ಹೆಚ್ಚುತ್ತದೆ. ಹೊದಿಕೆ ಚೆನ್ನಾಗಿದ್ದ ಹೊಲದಲ್ಲಿ ತೇವ ಉಳಿದು ಇದು ಕಡಿಮೆಯಾಗಬೇಕು. ಆದರೂ ಕಹಿ ಬಂದರೆ ಹೊದಿಕೆ ಮಾರ್ಚ್‌ಗೇ ಕರಗಿಹೋಗಿದೆಯೇ ನೋಡಿ. ಕಹಿ ಗಡ್ಡೆಯನ್ನು ಹಸಿಯಾಗಿ ತಿನ್ನಬೇಡಿ, ದನಕ್ಕೂ ಹಸಿಯಾಗಿ ಹಾಕಬೇಡಿ. ಊಟಕ್ಕೆ ಅದನ್ನು ಬಳಸದಿರುವುದೇ ಕ್ಷೇಮ. ಸಿಹಿ ಗಡ್ಡೆಯನ್ನೂ ಸಿಪ್ಪೆ ಪೂರ್ತಿ ತೆಗೆದು, ಸಣ್ಣಗೆ ಹೆಚ್ಚಿ, ಪಾತ್ರೆಗೆ ಮುಚ್ಚಳ ಹಾಕದೆ ಹೆಚ್ಚು ನೀರಿನಲ್ಲಿ ಬೇಯಿಸಿ ಆ ನೀರು ಚೆಲ್ಲುವುದು ರೂಢಿಯಾಗಲಿ.

ಕೀಳುವಾಗ ಮುರಿಯುತ್ತದೆ, ನೆಲವೂ ಕೆದರುತ್ತದೆ

ಉಳದ ನೆಲ ಒಣಗಿದಾಗ ಗಡ್ಡೆಯನ್ನು ಬಿಡುವುದಿಲ್ಲ. ಹಿಂದಿನ ದಿನ ನೀರು ಹಾಯಿಸಿ, ಅಥವಾ ಮಳೆ ಬಿದ್ದ ಮರುದಿನಕ್ಕೆ ಕಾಯಿರಿ. ಕಾಂಡವನ್ನು ಮೊಣಕಾಲೆತ್ತರಕ್ಕೆ ಕಡಿದು, ಗಟ್ಟಿ ಮರದ ಕೋಲನ್ನು ಹಗ್ಗದಿಂದ ಅದಕ್ಕೆ ಬಿಗಿದು, ಮೀಟುಗೋಲಿನಂತೆ ನಿಧಾನ ಎತ್ತಿ. ಮುರಿದ ಗಡ್ಡೆಯಲ್ಲಿ ಎರಡು ಮೂರು ದಿನಗಳಲ್ಲಿ ನೀಲಿಗಪ್ಪು ಗೆರೆ ಮೂಡುತ್ತದೆ, ಆದ್ದರಿಂದ ಮುರಿದದ್ದನ್ನು ಅದೇ ದಿನ ಅಡುಗೆಗೋ ಹಪ್ಪಳಕ್ಕೋ ಬಳಸಿ.

ಕೊಯ್ಲಿನಲ್ಲಿ ಮಣ್ಣು ಕದಡುವುದನ್ನು ಗಡ್ಡೆ ಬೆಳೆಯಲ್ಲಿ ಪೂರ್ತಿ ತಪ್ಪಿಸಲಾಗದು. ಕಿತ್ತ ಗುಂಡಿಯನ್ನು ಅಂದೇ ಮುಚ್ಚಿ, ಎಲೆ, ಎಳೆಯ ತುದಿ ಎಲ್ಲವನ್ನೂ ಅಲ್ಲೇ ಹರಡಿ. ಆ ಸಡಿಲ ಜಾಗವೇ ಮುಂದಿನ ವರ್ಷದ ನಾಟಿಯ ಗುಂಡಿಯಾಗಬಹುದು, ಕೊಳೆರೋಗ ಕಂಡ ಗಿಡದ್ದಾದರೆ ಮಾತ್ರ ಬೇಡ. ತೇವವಿದ್ದರೆ ಕೂಡಲೇ ಉದ್ದು, ಹುರುಳಿ, ಅಲಸಂದೆ ಯಾವುದಾದರೊಂದನ್ನು ಚೆಲ್ಲಿ. ಕಡ್ಡಿಗಾಗಿ ಎತ್ತಿಡುವ ಕಾಂಡಗಳಿಗೆ ಕೊಯ್ಲಿನ ದಿನವೇ ಬಣ್ಣದ ದಾರ ಕಟ್ಟಿ: ಎಲೆ ಶುದ್ಧವಾಗಿದ್ದು, ಗಡ್ಡೆ ನೇರವಾಗಿ ದಪ್ಪವಾಗಿದ್ದ ಗಿಡದ್ದು ಮಾತ್ರ.